ಇಂದ್ಗಡೆ ಏನದೆ ನೋಡಿ

"ಅಕ್ಕಿ ನೋಡ್ಬ್ಯಾಡಿ ಸಾ. ಇಂದ್ಗಡೆ ಏನದೆ ನೋಡಿ."

ಭಾನುವಾರದಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಹೇಳಿದವರು ರಂಗನತಿಟ್ಟಿನಲ್ಲಿ ದೋಣಿ ನಡೆಸುವವರು. ವಯಸ್ಸು ಐವತ್ತು ದಾಟಿರಬೇಕು. ಹೇಳುವಾಗ ನನ್ನ ಕಡೆ ತಿರುಗಲೂ ಇಲ್ಲ, ಹುಟ್ಟು ಹಾಕುತ್ತಲೇ ಇದ್ದರು. ಮಂಡ್ಯ ಕಡೆ ಬಾಯಲ್ಲಿ ಹಕ್ಕಿ ಅಕ್ಕಿಯಾಗೋದು ನನಗೆ ಹೊಸದಲ್ಲ, ನಮ್ಮಜ್ಜಿ ಮನೆಯಲ್ಲೂ ಹಾಗೇ. ಆದರೂ ಒಂದು ಕ್ಷಣ ನಾನು ಅಕ್ಕಿ ಅಂತಲೇ ಕೇಳಿಸಿಕೊಂಡು, ದೋಣಿಯಲ್ಲಿ ಯಾರಾದರೂ ಅಕ್ಕಿ ಚೆಲ್ಲಿದರಾ ಅಂತ ಕಾಲಡಿ ನೋಡಿದೆ.

ನನ್ನದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ನಿಕಾನ್ ಡಿ5600, ಜೊತೆಗೆ 70-300 ಲೆನ್ಸು. ಭಾವನ ಗೆಳೆಯರೊಬ್ಬರು ಹೊಸದು ತಗೊಂಡಾಗ ಹಳೆಯದು ನನ್ನ ಕೈಗೆ ಬಂತು. ಮೂರು ತಿಂಗಳು ಎಲ್ಲವನ್ನೂ ಕ್ಯಾಮೆರಾಗೇ ಬಿಟ್ಟು ಆಟೋ ಮೋಡ್‌ನಲ್ಲೇ ಕಳೆದೆ. ಆಮೇಲೆ ಯೂಟ್ಯೂಬ್ ನೋಡಿ ನೋಡಿ ಅಪರ್ಚರ್, ಶಟರ್, ಐಎಸ್‌ಒ ಅಂತ ಮೂರು ಹೆಸರು ಬಾಯಿಪಾಠ ಆಯಿತು. ಬಾಯಿಪಾಠ ಮಾತ್ರ.

ದೋಣಿಯಲ್ಲಿ ಮೊದಲ ಹತ್ತು ಫೋಟೋ ಅಲುಗಾಡಿ ಹಾಳಾದವು. ಕ್ಯಾಮೆರಾ ತಾನಾಗಿಯೇ ಶಟರನ್ನು, ಅಂದರೆ ಬೆಳಕನ್ನು ಒಳಗೆ ಬಿಡುವ ಹೊತ್ತನ್ನು, 1/125ಕ್ಕೆ ಇಟ್ಟಿತ್ತು. ದೋಣಿ ಓಲಾಡುತ್ತೆ, 300ರವರೆಗೆ ಜೂಮ್ ಮಾಡಿದ್ದೇನೆ, ಹಕ್ಕಿ ಬೇರೆ ಕತ್ತು ಕುಣಿಸುತ್ತಿದೆ. ಸೆಕೆಂಡಿನ 125ನೇ ಒಂದು ಪಾಲು ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ, ಆದರೂ ಅಷ್ಟರಲ್ಲೇ ಕೊಕ್ಕು ಎರಡಾಗಿತ್ತು. 1/1000 ಬೇಕು. 125ರಿಂದ 250, 500, 1000. ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಳಗೆ ಬರುವ ಬೆಳಕು ಅರ್ಧಕ್ಕೆ ಇಳಿಯುತ್ತೆ. ಅಂದರೆ ಕೊನೆಗೆ ಉಳಿಯೋದು ಎಂಟನೇ ಒಂದು ಪಾಲು. ಅದನ್ನು ಬೇರೆ ಎಲ್ಲಿಂದಲಾದರೂ ತುಂಬಿಸಬೇಕು. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತು, ಇನ್ನೂ ತೆರೆಯೋಣ ಅಂದರೆ ನನ್ನ ಲೆನ್ಸು 300ರಲ್ಲಿ 6.3ಕ್ಕಿಂತ ಅಗಲ ಬಾಯಿ ಬಿಡೋದಿಲ್ಲ. (ಈ ಅಪರ್ಚರ್ ನಂಬರೇ ಉಲ್ಟಾ. ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು. ಯಾರಿಗೂ ಮೊದಲ ದಿನ ತಲೆಗೆ ಹೋಗೋದಿಲ್ಲ.) ಉಳಿದದ್ದು ಐಎಸ್‌ಒ, ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋ ಲೆಕ್ಕ. 100ರಿಂದ 200, 400, 800. ಅದೂ ಸರಿಯಾಗಿ ಮೂರು ಮೆಟ್ಟಿಲು! ಕೊಟ್ಟಿದ್ದಕ್ಕೆ ಇಸಕೊಂಡಿದ್ದಕ್ಕೆ ತಾಳೆ ಆಯಿತು. ಫೋಟೋದಲ್ಲಿ ಸ್ವಲ್ಪ ರವೆರವೆ ಕಾಣುತ್ತೆ, ಕಾಣಲಿ. ಬಾಯಿಪಾಠ ಲೆಕ್ಕವಾಗಿ ಬದಲಾದದ್ದು ಆಗಲೇ, ಅಲ್ಲೇ, ಮೊಸಳೆಯೊಂದು ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಜಾಗದಲ್ಲಿ.

ಆ ಖುಷಿ ಐದು ನಿಮಿಷ ಇತ್ತು. ಮುಂದಿನ ತಿಟ್ಟಿನ ಹತ್ತಿರ ಒಂದು ಬೆಳ್ಳಕ್ಕಿ ಕೂತಿತ್ತು. ಹಿಂದೆ ದಟ್ಟ ಬಿದಿರು, ಬಿಸಿಲು ಹಕ್ಕಿಯ ಮೇಲೆ ಮಾತ್ರ. ಹೊಡೆದೆ. ನೋಡಿದರೆ ಹಕ್ಕಿ ಇದ್ದ ಕಡೆ ಬಿಳಿ ಕಾಗದ ಕತ್ತರಿಸಿ ಅಂಟಿಸಿದ ಹಾಗಿದೆ. ಕಣ್ಣಿದೆ, ಕೊಕ್ಕಿದೆ, ಒಂದು ಗರಿಯೂ ಇಲ್ಲ.

ನನ್ನ ಪಕ್ಕದಲ್ಲಿ ಮೈತುಂಬ ಕಾಡಿನ ಬಣ್ಣದ ಬಟ್ಟೆ ತೊಟ್ಟವರೊಬ್ಬರು ಕೂತಿದ್ದರು. ಲೆನ್ಸಿಗೂ ಅದೇ ಬಣ್ಣದ ಅಂಗಿ. ಹಕ್ಕಿಗಳು ಹತ್ತಡಿ ದೂರದಲ್ಲಿ, ದೋಣಿಯಲ್ಲಿ ಹದಿನೈದು ಜನ, ಒಂದು ಮಗು ಚಿಪ್ಸ್ ಪ್ಯಾಕೆಟ್ಟಿನ ಜೊತೆ ಸದ್ದು ಮಾಡುತ್ತಿದೆ, ಇವರೊಬ್ಬರು ಯಾರಿಂದ ಅಡಗಿದ್ದಾರೋ. ಅವರು ನನ್ನ ಪರದೆಗೆ ಇಣುಕಿ ಹೇಳಿದರು, "ಬಿಳಿ ಸಬ್ಜೆಕ್ಟ್ ಅಂದ್ರೆ ಪ್ಲಸ್ ಹೋಗ್ಬೇಕು. ಬೇಸಿಕ್ಸ್." ಆ ಬೇಸಿಕ್ಸ್ ಅನ್ನೋ ಪದ ಇನ್ನೂ ಚುಚ್ಚುತ್ತಿದೆ. ಯೂಟ್ಯೂಬಿನಲ್ಲೂ ಹಾಗೇ ಕೇಳಿದ್ದೆ. ಪ್ಲಸ್ ಅಂದರೆ ಫೋಟೋ ಇನ್ನೂ ಬೆಳ್ಳಗೆ, ಮೈನಸ್ ಅಂದರೆ ಇನ್ನೂ ಕಪ್ಪಗೆ. ಶಟರ್ ಪಕ್ಕದ ಪ್ಲಸ್-ಮೈನಸ್ ಗುಂಡಿ ಒತ್ತಿ, ಚಕ್ರ ತಿರುಗಿಸಿ ಪ್ಲಸ್ ಒಂದು ಮಾಡಿದೆ. ಈಗ ಕೊಕ್ಕೂ ಅರ್ಧ ಹೋಯಿತು.

ಆಗ ಬಂದದ್ದು ಆ ಮಾತು. ಅಕ್ಕಿ ನೋಡ್ಬ್ಯಾಡಿ ಸಾ.

"ಇಂದ್ಗಡೆ ಕಪ್ಪದೆ. ಮೈನಸ್ ಮಾಡ್ಕಳಿ, ಒಂದೂವರೆ. ಬಿಳೀದು ಸುಟ್ಟೋಯ್ತದೆ."

ಮಾಡಿದೆ. ಬಿದಿರೆಲ್ಲ ಕಪ್ಪಾಯಿತು. ಹಕ್ಕಿಯ ಎದೆಯ ಮೇಲೆ ಒಂದೊಂದೇ ಎಳೆ ಬಿಡಿಬಿಡಿಯಾಗಿ ಬಂತು, ನೀರು ತಾಗಿ ಅಂಟಿಕೊಂಡಿದ್ದ ಎರಡು ಗರಿ ಸಹ.

ಅದಕ್ಕೂ ಮೊದಲು ಅದೇ ಮನುಷ್ಯ ಇಡೀ ದೋಣಿಗೆ ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದರು. ಕಾವೇರಿಗೆ ಹಿಂದಿನ ಅರಸರು ಅಡ್ಡಕಟ್ಟೆ ಕಟ್ಟಿದ್ದಕ್ಕೆ ಈ ತಿಟ್ಟುಗಳಾದವು, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಮಹಾರಾಜರಿಗೆ ಹೇಳಿ ಪಕ್ಷಿಧಾಮ ಮಾಡಿಸಿದರು, ಅದು ಬಾಯ್ಕಳಕ, ಇದು ಚಮಚದ ಕೊಕ್ಕಿನದು, ಆ ಬಂಡೆ ಮೇಲಿರೋದು ನೀರುಕಾಗೆ. ದಿನಕ್ಕೆ ಎಷ್ಟು ಸಲ ಹೇಳುತ್ತಾರೋ ಪಾಪ. ಆ ರಾಗ ಬಿಟ್ಟು ಸ್ವಂತ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ. ಇಳಿಯುವಾಗ ಕೇಳಿದೆ, ನಿಮ್ಮ ಹತ್ತಿರ ಕ್ಯಾಮೆರಾ ಇದೆಯಾ ಅಂತ. "ಎಲ್ಲಿ ಸಾ," ಅಂದರು. "ಕೂರಿಸ್ಕೊಂಡು ಕೂರಿಸ್ಕೊಂಡು ಗೊತ್ತಾಯ್ತದೆ." ಕಾಡುಬಟ್ಟೆಯವರು ಅಷ್ಟರಲ್ಲಿ ಇಳಿದು ಹೋಗಿದ್ದರು. ಇದನ್ನು ಕೇಳಿಸಿಕೊಳ್ಳಬೇಕಿತ್ತು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದು ಕೂತು ಯೋಚಿಸಿದರೆ ಕಾಡುಬಟ್ಟೆಯವರು ಹೇಳಿದ್ದೂ ಪೂರ್ತಿ ತಪ್ಪಲ್ಲ. ಕ್ಯಾಮೆರಾದ ಬೆಳಕು ಅಳೆಯುವ ಮೀಟರಿಗೆ ಬಿಳಿ ಯಾವುದು ಕಪ್ಪು ಯಾವುದು ಗೊತ್ತಿಲ್ಲ. ಎದುರಿಗೆ ಏನು ಬಂದರೂ ಸರಾಸರಿ ಮಾಡಿ ಬೂದಿ ಬಣ್ಣಕ್ಕೆ ತರೋದೊಂದೇ ಅದರ ಕೆಲಸ. ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ವಾಪಸ್ ಕೊಡುವ ಬೂದಿ ಬಣ್ಣದ ಕಾರ್ಡನ್ನು ಫೋಟೋಗ್ರಾಫರುಗಳು ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ. ಈಗಿನ ಕ್ಯಾಮೆರಾಗಳು ಸ್ವಲ್ಪ ಜಾಣ, ಆದರೂ ಹಟ ಅದೇ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಬೆಳಕು ಜಾಸ್ತಿಯಾಯಿತು ಅಂದುಕೊಂಡು ತಗ್ಗಿಸುತ್ತೆ, ಹಕ್ಕಿ ಬೂದಿಯಾಗುತ್ತೆ. ಆಗ ಪ್ಲಸ್ ಸರಿ. ನನ್ನ ಚೌಕಟ್ಟಿನಲ್ಲಿ ಹಕ್ಕಿ ಅಂಗೈಯಷ್ಟು, ಮಿಕ್ಕಿದ್ದೆಲ್ಲ ಬಿದಿರಿನ ಕತ್ತಲೆ. ಅಯ್ಯೋ ಕತ್ತಲೆ ಅಂತ ಕ್ಯಾಮೆರಾ ಬೆಳಕು ಸುರಿಯಿತು. ಬಿದಿರು ಚೆನ್ನಾಗಿ ಬಂತು, ಹಕ್ಕಿ ಸತ್ತಿತು. ಕತ್ತಲಾಗಿದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದಷ್ಟು ಎತ್ತಬಹುದು. ಸುಟ್ಟು ಹೋದ ಬಿಳಿಯಲ್ಲಿ ಎತ್ತಲು ಏನೂ ಇರೋದಿಲ್ಲ.

ಮಂಗಳವಾರ ಅಮ್ಮನ ಮೇಲೆ ಪ್ರಯೋಗ ಮಾಡಿದೆ. ಅಡುಗೆಮನೆ ಕಿಟಕಿಗೆ ಬೆನ್ನು ಮಾಡಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದರು. ಹಾಗೇ ತೆಗೆದರೆ ಕಿಟಕಿಯಾಚೆಯ ನುಗ್ಗೆಮರ ಎಲೆ ಎಲೆಯೂ ಬಂದಿದೆ, ಅಮ್ಮ ಕರಿ ಬೊಂಬೆ. ಹಿಂದ್ಗಡೆ ಏನದೆ? ಬೆಳಕು. ಪ್ಲಸ್ ಒಂದೂವರೆ. ನುಗ್ಗೆಮರ ಮಾಯವಾಯಿತು, ಅಮ್ಮನ ಹಣೆಯ ಗೆರೆ, ಮೂಗುಬೊಟ್ಟು ಬಂತು. ತೋರಿಸಿದೆ. "ಇದೇನೋ ಇಷ್ಟು ಕಪ್ಪಗಿದೀನಿ?" ಅಂದರು. "ಇನ್ನೊಂಚೂರು ಬೆಳ್ಳಗೆ ಮಾಡಕ್ಕಾಗಲ್ವಾ?"

ಇಲ್ಲಿಗೆ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ಅಮ್ಮನ ಮಾತು ಕೇಳಿ ಅಕ್ಕನ ಮದುವೆ ಆಲ್ಬಂ ನೆನಪಾಯಿತು. ಅಟ್ಟದಿಂದ ಇಳಿಸಿದೆ. ಒಂಬತ್ತು ವರ್ಷವಾಯಿತು. ಅಕ್ಕ ನಮ್ಮಪ್ಪನ ಬಣ್ಣ, ಒಳ್ಳೆ ಕಪ್ಪು. ಆಲ್ಬಮ್ಮಿನಲ್ಲಿರುವವಳು ಯಾರೋ. ಮುಖ ಗೋಡೆಗೆ ಸುಣ್ಣ ಹೊಡೆದ ಹಾಗೆ. ಅವತ್ತು ಅದನ್ನು ನೋಡಿ ಅಮ್ಮ "ಎಷ್ಟು ಲಕ್ಷಣವಾಗಿ ಬೆಳ್ಳಗೆ ಬಂದಿದಾಳೆ" ಅಂದಿದ್ದರು. ಅಕ್ಕ ಏನೂ ಅನ್ನಲಿಲ್ಲ. ಅವಳ ಮನೆ ಗೋಡೆಯಲ್ಲಿ ಮದುವೆ ಫೋಟೋ ಇಲ್ಲ, ಅದನ್ನು ನಾನು ಇಷ್ಟು ವರ್ಷ ಗಮನಿಸಿಯೂ ಇರಲಿಲ್ಲ.

ಮೇಕಪ್ಪಿನವಳ ತಪ್ಪು ಅಂತಲೇ ಅಂದುಕೊಂಡಿದ್ದೆ. ಮಂಗಳವಾರ ನೋಡಿದ್ದು ಮುಖವನ್ನಲ್ಲ, ಧಾರೆ ಸೀರೆಯನ್ನು. ಬಿಳಿ ಸೀರೆ, ಕೆಂಪು ಅಂಚು. ಅಂಚು ಕಿತ್ತಳೆಯಾಗಿತ್ತು. ಮಿಕ್ಕಿದ್ದು ಬಿಳಿ ಕಾಗದ. ನೆರಿಗೆಯಿಲ್ಲ, ಮಡಿಕೆಯಿಲ್ಲ, ಆ ಬೆಳ್ಳಕ್ಕಿಯ ಹಾಗೇ. ಮುಖವನ್ನು ಬೆಳ್ಳಗೆ ಮಾಡಲು ಹೋಗಿ ಸೀರೆ ಸುಟ್ಟಿದ್ದಾರೆ. ಲೈಟು ಎಷ್ಟು ಸುರಿದರೋ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಉಜ್ಜಿದರೋ. ಫೋಟೋಗ್ರಾಫರ್ ಮೇಲೆ ಸಿಟ್ಟು ಬಂತು. ಬಂದಷ್ಟೇ ಬೇಗ ಇಳಿಯಿತು. ಯಾಕೆಂದರೆ ಅವತ್ತು ಬೆಳಿಗ್ಗೆ ಸ್ಟೇಜ್ ಪಕ್ಕ ಹೋಗಿ, ಅವನ ಭುಜ ಮುಟ್ಟಿ, "ಅಣ್ಣಾ, ಅಕ್ಕ ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ" ಅಂದದ್ದು ನಾನೇ. ಅಮ್ಮ ಹೇಳಿ ಕಳಿಸಿದ್ದರು, ನಿಜ. ಆದರೆ ಓಡಿದ್ದು ನಾನು. ಅವನು ತಲೆಯಾಡಿಸಿ ನಕ್ಕ. ಎಲ್ಲ ಮದುವೆಯಲ್ಲೂ ಯಾರೋ ಒಬ್ಬರು ಬಂದು ಭುಜ ಮುಟ್ಟಿರುತ್ತಾರೆ. ಅಕ್ಕ ಎರಡು ಮಾರು ದೂರದಲ್ಲಿ ಕೂತಿದ್ದಳು. ಕೇಳಿಸಿತ್ತೋ ಇಲ್ಲವೋ.

ನಿನ್ನೆ ರಾತ್ರಿ ಫೋನ್ ಮಾಡಿದೆ. ಅದನ್ನು ಕೇಳೋಣ ಅಂತಲೇ ಮಾಡಿದ್ದು, ಬಾಯಿ ಬರಲಿಲ್ಲ. ಬದಲಿಗೆ, "ಧಾರೆ ಸೀರೆ ಇನ್ನೂ ಇದೆಯೇನೇ?" ಅಂದೆ.

"ಬೀರುವಿನಲ್ಲಿದೆ. ಯಾಕೋ ಈಗ?"

"ಅದರ ಮೇಲೆ ಏನಾದ್ರೂ ಡಿಸೈನ್ ಇತ್ತಾ? ಫೋಟೋದಲ್ಲಿ ಕಾಣ್ತಿಲ್ಲ."

ಬೀರು ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಪ್ಲಾಸ್ಟಿಕ್ ಕವರಿನ ಸದ್ದು. ಸ್ವಲ್ಪ ಹೊತ್ತು ಮಾತಿಲ್ಲ.

"ಮಾವಿನಕಾಯಿ ಬುಟ್ಟಾ ಕಣೋ," ಅಂದಳು. "ಸಣ್ಣ ಸಣ್ಣದು. ಮೈ ತುಂಬಾ ಇದೆ."