ನಡುಗೋಡೆ ತೆಗೆಯುವ ಕೆಲಸ: ಬೆಡ್ ಬ್ಲಾಕ್‌ವರೆಗೆ ಬಂತು

ಚಿತ್ರದುರ್ಗದ ಮನೆಯಲ್ಲಿ ಹಾಲ್ ಮತ್ತು ಅಡುಗೆಮನೆ ಒಂದು ಮಾಡುವ ಕೆಲಸ ಈಗ ಬೆಡ್ ಬ್ಲಾಕ್ (ಬೀಮಿನ ತುದಿಯ ಕೆಳಗೆ ಭಾರ ಹರಡಲು ಹಾಕುವ ಕಾಂಕ್ರೀಟಿನ ದಿಮ್ಮಿ) ಹಂತದಲ್ಲಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ತೆರೆಯುವ ಅಗಲ 2.75 ಮೀಟರ್, ಹಾಕುವ ಬೀಮ್ ಐಎಸ್‌ಎಂಬಿ 200, ಅಂದರೆ 200 ಮಿ.ಮೀ. ಎತ್ತರದ ಉಕ್ಕಿನ ಐ-ಬೀಮ್. ಸ್ಲ್ಯಾಬು, ಮೇಲೆ ಉಳಿಯುವ ಗೋಡೆ, ಓಡಾಟದ ಭಾರ ಎಲ್ಲಾ ಸೇರಿ ಮೀಟರಿಗೆ 21 ಕಿಲೋನ್ಯೂಟನ್. ಬೀಮಿನ ಒಂದೊಂದು ತುದಿಗೆ ಸುಮಾರು 35 ಕಿಲೋನ್ಯೂಟನ್, ಅಂದರೆ ಮೂರೂವರೆ ಟನ್.

ಮೇಸ್ತ್ರಿ "ಒಂದು ಸೈಜುಗಲ್ಲು ಇಟ್ಟು ಕೂರ್‍ಸೋಣ ಸಾರ್, ಕೋಟೆ ಬಾಗಿಲೇ ನಿಂತಿಲ್ವಾ" ಅಂದರು. ಕೋಟೆಯಲ್ಲಿ ಕಲ್ಲಿನ ಕೆಳಗೂ ಕಲ್ಲೇ ಇದೆ. ನಮ್ಮಲ್ಲಿರುವುದು ಭಟ್ಟಿ ಇಟ್ಟಿಗೆ.

3.5 ಕ್ಲಾಸಿನ (ಚದರ ಮಿಲಿಮೀಟರಿಗೆ 3.5 ನ್ಯೂಟನ್ ತಡೆಯುವ) ಇಟ್ಟಿಗೆ, 1:6 ಸಿಮೆಂಟು-ಮರಳಿನ ಗಾರೆ ಅಂತ ಹಿಡಿದರೆ, ಇಟ್ಟಿಗೆ ಗೋಡೆಗಳ ಭಾರತೀಯ ಮಾನಕ ಐಎಸ್ 1905ರ ಪ್ರಕಾರ ಗೋಡೆಗೆ ಚದರ ಮಿಲಿಮೀಟರಿಗೆ 0.35 ನ್ಯೂಟನ್ ಹೊರಿಸಬಹುದು. 100 ಮಿ.ಮೀ. ಅಗಲದ ಬೀಮನ್ನು ಇಟ್ಟಿಗೆ ಮೇಲೆ ನೇರವಾಗಿ 200 ಮಿ.ಮೀ. ಕೂರಿಸಿದರೆ 1.75 ಬರುತ್ತದೆ, ಐದು ಪಟ್ಟು! 230 ಅಗಲದ ಗೋಡೆಯಲ್ಲಿ ಕನಿಷ್ಠ 435 ಉದ್ದದ ಬ್ಲಾಕ್ ಬೇಕು. ಆದರೆ ಆ ಇಟ್ಟಿಗೆ ಮೇಲೆ ಮೊದಲೇ ಸ್ಲ್ಯಾಬಿನ 0.09 ಕೂತಿದೆಯಲ್ವಾ, ಅದಕ್ಕೆ 600 ಇಟ್ಟುಕೊಂಡೆ. ಬೀಮಿನದು 0.25, ಒಟ್ಟು 0.34.

ಇಷ್ಟಕ್ಕೇ ಮುಗಿಯಲ್ಲ. ಬೀಮಿನ ತುದಿ ತೆರೆದ ಜಾಗದ ಕಡೆಯ ಅಂಚಿನಲ್ಲೇ 200 ಮಿ.ಮೀ. ಕೂತರೆ ಭಾರ ಬ್ಲಾಕಿನ ನಡುವೆ ಬೀಳುವುದಿಲ್ಲ, ಅಂಚಿನಿಂದ ಬರೀ 100 ಮಿ.ಮೀ. ಒಳಗೆ ಬೀಳುತ್ತದೆ. ಆಗ 600ರಲ್ಲಿ 300 ಮಾತ್ರ ಕೆಲಸ ಮಾಡುತ್ತದೆ, ಉಳಿದರ್ಧ ಸುಮ್ನೆ ಇರುತ್ತದೆ, ಅಂಚಿನ ಇಟ್ಟಿಗೆಗೆ ಚದರ ಮಿಲಿಮೀಟರಿಗೆ 1 ನ್ಯೂಟನ್ ಬೀಳುತ್ತದೆ. ಬ್ಲಾಕನ್ನು ಇನ್ನೂ ಉದ್ದ ಮಾಡಿದರೂ ಇದು ಇಳಿಯುವುದಿಲ್ಲ. ಅದಕ್ಕೆ ಬೀಮನ್ನೇ ಒಳಗೆ ಉದ್ದ ಬಿಟ್ಟು, ಬ್ಲಾಕಿನ ಸರಿ ನಡುವೆ 150 ಉದ್ದ, 200 ಅಗಲ, 12 ದಪ್ಪದ ಪ್ಲೇಟ್ ಇಡುತ್ತಿದ್ದೇವೆ. ಬೀಮ್ ಪ್ಲೇಟಿನ ಮೇಲೆ ಮಾತ್ರ ಕೂರಬೇಕು, ಅಂಚಿಗೆ ತಾಗಬಾರದು. ಲೆಕ್ಕದ ಸ್ಪ್ಯಾನ್ (ಎರಡು ಪ್ಲೇಟುಗಳ ನಡುಬಿಂದುಗಳ ಅಂತರ) 3.35 ಮೀಟರ್ ಆಗುತ್ತದೆ. ಮೇಲಿನ 35 ಅದಕ್ಕೇ ಹಾಕಿದ್ದು.

ಬ್ಲಾಕಿನ ದಪ್ಪ 230 ಮಿ.ಮೀ. ಭಾರ 45 ಡಿಗ್ರಿಯಲ್ಲಿ ಹರಡುತ್ತದೆ ಅಂದುಕೊಂಡರೆ ಪ್ಲೇಟಿನಿಂದ ಬ್ಲಾಕಿನ ತುದಿಗೆ 225 ಇದೆ, ಅಷ್ಟಾದರೂ ಆಳ ಬೇಕೇ ಬೇಕು. ತೆಳ್ಳಗಿನ ಸೈಜುಗಲ್ಲು ಇಲ್ಲೇ ಸೋಲುತ್ತದೆ. ಎಂ20 ದರ್ಜೆಯ ಕಾಂಕ್ರೀಟು, ಅಡಿಯಲ್ಲಿ 10 ಎಂಎಂ ಕಂಬಿಯ ಜಾಲರಿ.

ಪರಿಚಯದ ಎಂಜಿನಿಯರ್ ಲೆಕ್ಕ ನೋಡಿ ಒಪ್ಪಿದ್ದಾರೆ. ಸ್ಲ್ಯಾಬಿಗೆ ಎರಡೂ ಕಡೆ ಜಾಕಿ ಕೊಟ್ಟಾಗಿದೆ, ಅಡುಗೆಮನೆ ಕಡೆಯ ಬ್ಲಾಕ್ ಎರಕ ಆಗಿದೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟು, ಹತ್ತು ದಿನ ಗೋಣಿಚೀಲ ಒದ್ದೆ ಇರಲೇಬೇಕು. ಇನ್ನೊಂದು ಬ್ಲಾಕೂ ಗಟ್ಟಿಯಾದ ಮೇಲೆ ಬೀಮ್ ಏರಿಸಿ, ಅದರ ಮೇಲಿನ ಸಂದಿಗೆ ಒಣಗಾರೆ ಬಡಿದು ತುಂಬುವುದು. ಅಲ್ಲಿವರೆಗೆ ಜಾಕಿ ಮುಟ್ಟುವ ಹಾಗಿಲ್ಲ.