ಯೋಗಕ್ಕಾಗಿ ಏನನ್ನು ಬಿಟ್ಟಿರಿ?

ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಯೋಗ ಕಲಿಸುತ್ತೇನೆ. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಏಳೂವರೆಗೆ ತರಗತಿ. ಬನಶಂಕರಿಯ ಮನೆಯಿಂದ ಐದೂಮುಕ್ಕಾಲಿಗೆ ಹೊರಟರೆ ಸಿಲ್ಕ್ ಬೋರ್ಡ್ ಜಂಕ್ಷನ್ ಸರಾಗವಾಗಿ ದಾಟುತ್ತದೆ. ಇನ್ನೂ ಮುಕ್ಕಾಲು ಗಂಟೆ ಮಲಗಿದೆನೆಂದರೆ ತರಗತಿ ಕೈತಪ್ಪಿದಂತೆಯೇ. ಹೊತ್ತಿನ ಲೆಕ್ಕವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಊರಿನಲ್ಲಿ ದುಡಿಯುವವರಿಗೆ ದೇಹಕ್ಕೆಂದು ಸಿಗುವುದು ದಿನಕ್ಕೆ ಒಂದು ಗಂಟೆ, ಅದೂ ನಿದ್ದೆಯನ್ನು ಕಡಿದು ಮಾಡಿಕೊಂಡ ಗಂಟೆ. ಅದನ್ನು ಯಾವುದಕ್ಕೆ ಕೊಡಲಿ ಎಂದು ಒಬ್ಬರು ನನ್ನನ್ನು ನಂಬಿ ಕೇಳಿದರು. ನಾನು ತಪ್ಪು ಉತ್ತರ ಕೊಟ್ಟೆ.

ಅವರು ಅಲ್ಲಿನ ಪರೀಕ್ಷಾ ವಿಭಾಗದ ಹಿರಿಯರು, ವಯಸ್ಸು ನಲವತ್ತೆಂಟು. ಜೆ.ಪಿ. ನಗರದಲ್ಲಿ ಮನೆ. ಪುಟ್ಟೇನಹಳ್ಳಿ ಕೆರೆಯ ಸುತ್ತ ವಾರಕ್ಕೆ ಐದು ದಿನ, ದಿನಕ್ಕೆ ನಲವತ್ತೈದು ನಿಮಿಷ ಬಿರುಸಾಗಿ ನಡೆಯುತ್ತಿದ್ದರು. ಕುತ್ತಿಗೆ ನೋವಿತ್ತು, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಜೊತೆಗೆ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.0 ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು.

"ಮೇಡಂ, ಎರಡೂ ನನ್ನಿಂದ ಆಗುವುದಿಲ್ಲ. ಬೆಳಗಿನ ನಡಿಗೆ ಮುಂದುವರಿಸಲೇ, ನಿಮ್ಮ ತರಗತಿಗೆ ಬರಲೇ?" ಎಂದರು.

"ಯೋಗಕ್ಕೆ ಬನ್ನಿ ಸರ್. ನಡಿಗೆಯಲ್ಲಿ ಕಾಲಿಗಷ್ಟೇ ಕೆಲಸ, ಇಲ್ಲಿ ಇಡೀ ದೇಹಕ್ಕೆ" ಎಂದೆ.

ಆ ಮಾತನ್ನು ನಾನು ವ್ಯಾಪಾರಕ್ಕೆಂದು ಹೇಳಲಿಲ್ಲ, ನಂಬಿಕೊಂಡೇ ಹೇಳಿದೆ. ನನ್ನ ಬೆನ್ನುನೋವನ್ನು ಯೋಗ ವಾಸಿ ಮಾಡಿತ್ತು. ಅಪ್ಪ ತೀರಿಕೊಂಡ ವರ್ಷ ನಾನು ನೆಲಕಚ್ಚದಂತೆ ನಿಲ್ಲಿಸಿದ್ದೂ ಅದೇ. ನನಗೆ ಇಷ್ಟು ಕೊಟ್ಟದ್ದು ಬೇರೆಯವರಿಗೆ ಎಲ್ಲವನ್ನೂ ಕೊಡುತ್ತದೆ ಎಂದುಕೊಂಡಿದ್ದೆ.

ಅವರಷ್ಟು ನಿಷ್ಠೆಯ ವಿದ್ಯಾರ್ಥಿ ಇನ್ನೊಬ್ಬರಿರಲಿಲ್ಲ. ಎರಡು ತಿಂಗಳಲ್ಲಿ ಕುತ್ತಿಗೆ ಸಡಿಲವಾಯಿತು, ನಿದ್ದೆ ಮರಳಿತು. ಎಂಟು ತಿಂಗಳ ಮೇಲೆ ವಾರ್ಷಿಕ ತಪಾಸಣೆಯ ವರದಿ ಹಿಡಿದು ಬಂದರು. ತೂಕ ಮೂರು ಕಿಲೋ ಏರಿತ್ತು, ಸಕ್ಕರೆಯ ಅಂಕಿ 6.4ಕ್ಕೆ ಬಂದಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ನಡಿಗೆ ಯಾವಾಗ ಬಿಟ್ಟಿರಿ?" ಎಂಬುದಂತೆ.

"ನಿಮ್ಮನ್ನು ದೂರುತ್ತಿಲ್ಲ ಮೇಡಂ, ಮುಂದೇನು ಮಾಡಲಿ ಹೇಳಿ" ಎಂದು ಅವರು ಮೆಲ್ಲಗೆ ಕೇಳಿದಾಗ ನನಗೆ ತಲೆ ಎತ್ತಿ ನೋಡಲಾಗಲಿಲ್ಲ. ಒಂದು ಅಂಕಿ ಏರಲು ಒಂದೇ ಕಾರಣ ಇರುವುದಿಲ್ಲ ಎಂಬುದು ಗೊತ್ತಿದೆ. ಆ ವರ್ಷ ಅವರಿಗೆ ರಾತ್ರಿ ಹತ್ತರ ಮೇಲೆ ಊಟ, ಕೆಲಸದ ಒತ್ತಡವೂ ಹೆಚ್ಚಿತ್ತು. ಆದರೆ ವಾರದ 225 ನಿಮಿಷದ ನಡಿಗೆಯನ್ನು ಅವರ ಬದುಕಿನಿಂದ ತೆಗೆದುಹಾಕಿದ್ದು ನನ್ನ ಮಾತು.

ಅದೇ ತಿಂಗಳು ಕಟ್ಟಡದಲ್ಲಿ ಬೆಂಕಿ ಅವಘಡದ ಅಣಕು ಕಾರ್ಯಾಚರಣೆ ನಡೆಯಿತು. ಗಂಟೆ ಬಾರಿಸಿ ಎಲ್ಲರನ್ನೂ ಕೆಳಗಿಳಿಸಿದರು. ಮುಗಿದ ಮೇಲೂ ಲಿಫ್ಟ್ ಚಾಲೂ ಆಗಿರಲಿಲ್ಲ, ನಮ್ಮ ತರಗತಿ ಏಳನೇ ಮಹಡಿಯಲ್ಲಿ. ಹತ್ತಿದೆವು. ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ನನ್ನ ತರಗತಿಯ ಬಹುಪಾಲು ಮಂದಿ ಕಟಕಟೆ ಹಿಡಿದು ನಿಂತಿದ್ದರು. ನನಗೂ ಏದುಸಿರು, ಎದೆ ಹೊಡೆದುಕೊಳ್ಳುತ್ತಿತ್ತು. ದಿನಕ್ಕೆ ನಾಲ್ಕಾರು ಸಲ ಮಹಡಿ ಮಹಡಿಗೂ ಸುತ್ತು ಹೊಡೆಯುವ ಭದ್ರತಾ ಸಿಬ್ಬಂದಿಯೊಬ್ಬರು ನಮ್ಮ ಪಕ್ಕದಲ್ಲೇ ಮಾತನಾಡುತ್ತಾ ಹತ್ತಿ ಹೋದರು. ಐವತ್ತು ದಾಟಿದವರು, ಬಗ್ಗಿ ಕಾಲ್ಬೆರಳು ಮುಟ್ಟಿ ಎಂದರೆ ಅವರಿಂದ ಆಗಲಿಕ್ಕಿಲ್ಲ. ಏಳನೇ ಮಹಡಿಯಲ್ಲಿ ನನಗೊಂದು ಕುರ್ಚಿ ಎಳೆದುಕೊಟ್ಟು, "ಕುಳಿತುಕೊಳ್ಳಿ ಮೇಡಂ, ನೀರು ತರುತ್ತೇನೆ" ಎಂದರು.

"ನಾವು ದಿನಾ ಪ್ರಾಣಾಯಾಮ ಮಾಡುತ್ತೇವಲ್ಲ ಮೇಡಂ, ಶ್ವಾಸಕೋಶ ಬಲವಾಗಿಲ್ಲವೇ, ಮತ್ತೇಕೆ ಹೀಗೆ?" ಎಂದು ಒಬ್ಬ ಹುಡುಗಿ ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಯೋಗ ಕಲಿಸುವ ನಮ್ಮಲ್ಲಿ ಹಲವರು ಇಲ್ಲಿಯೇ ಎಡವುತ್ತೇವೆ.

ಆರೋಗ್ಯವಂತರು ಮೆಟ್ಟಿಲು ಹತ್ತುವಾಗ ಸೋಲುವುದು ಸಾಮಾನ್ಯವಾಗಿ ಶ್ವಾಸಕೋಶವಲ್ಲ. ಅದು ಗಾಳಿಯನ್ನು ಬೇಕಾದಷ್ಟು ಎಳೆದುಕೊಳ್ಳುತ್ತದೆ. ಆ ಗಾಳಿಯ ಆಮ್ಲಜನಕವನ್ನು ರಕ್ತದ ಮೂಲಕ ಕಾಲಿನ ಸ್ನಾಯುವಿಗೆ ತಲುಪಿಸಬೇಕಾದ್ದು ಹೃದಯ, ಅದನ್ನು ಬಳಸಿ ಶಕ್ತಿ ಮಾಡಿಕೊಳ್ಳಬೇಕಾದ್ದು ಸ್ನಾಯುಕೋಶ. ವಾರಗಟ್ಟಲೆ ಬಿರುಸಾಗಿ ನಡೆದರೆ, ಓಡಿದರೆ, ಸೈಕಲ್ ತುಳಿದರೆ, ಈಜಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಹಾಕುವುದನ್ನು ಕಲಿಯುತ್ತದೆ. ಸ್ನಾಯುವಿನೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇದಕ್ಕೆಲ್ಲ ಹೃದಯದ ಬಡಿತ ಏರಬೇಕು, ಏರಿದ್ದು ಹತ್ತಾರು ನಿಮಿಷ ಅಲ್ಲೇ ನಿಲ್ಲಬೇಕು. ಒಂದೊಂದೇ ಮೂಗಿನ ಹೊಳ್ಳೆಯಿಂದ ನಿಧಾನವಾಗಿ ಉಸಿರಾಡುವ ನಾಡಿಶೋಧನ ಪ್ರಾಣಾಯಾಮ ಬಡಿತವನ್ನು ಇಳಿಸುತ್ತದೆ. ಅದರ ಗುಣವೇ ಅದು. ಇಳಿಸುವುದರಿಂದ ಏರಿಸುವುದರ ಫಲ ಬರಲಿ ಎಂದರೆ ಹೇಗೆ?

ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದಿಟ್ಟುಕೊಂಡು ಶ್ರಮವನ್ನು ಅಳೆಯುತ್ತಾರೆ, ಈ ಮಾನಕ್ಕೆ ಮೆಟ್ ಎಂದು ಹೆಸರು. ಮೂರರಿಂದ ಆರರವರೆಗೆ ಮಧ್ಯಮ ಶ್ರಮ, ಅದರ ಮೇಲಿನದು ತೀವ್ರ. ಬಿರುಸು ನಡಿಗೆ ನಾಲ್ಕರ ಆಸುಪಾಸು. ನಿಧಾನಗತಿಯ ಹಠಯೋಗದ ತರಗತಿ ಸುಮಾರು ಎರಡೂವರೆ. ಎಡೆಬಿಡದೆ ಮಾಡಿದ ಸೂರ್ಯನಮಸ್ಕಾರ ಮೂರನ್ನು ದಾಟುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ. ನಮ್ಮ ಹಿರಿಯರ 225 ನಿಮಿಷ ಈ ಲೆಕ್ಕದ ನಟ್ಟನಡುವೆ ಇತ್ತು. ನಾನು ಅದನ್ನು ಸೊನ್ನೆಗೆ ಇಳಿಸಿದ್ದೆ.

ಓದಿದ್ದನ್ನು ನನ್ನ ಮೇಲೇ ನೋಡಬೇಕೆನಿಸಿತು. ಒಂದು ತಿಂಗಳು ಮಣಿಕಟ್ಟಿನ ನಾಡಿ ಹಿಡಿದು, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ ಬರೆದಿಟ್ಟೆ. ನನಗೆ ನಲವತ್ಮೂರು. 220ರಿಂದ ವಯಸ್ಸು ಕಳೆಯುವ ಅಂದಾಜಿನಂತೆ ಗರಿಷ್ಠ ಬಡಿತ 177, ಮಧ್ಯಮ ಶ್ರಮವೆಂದರೆ ಅದರ ಅರ್ಧದಿಂದ ಶೇಕಡ 70, ಅಂದರೆ ಸುಮಾರು 89ರಿಂದ 124. ವೀರಭದ್ರಾಸನದಲ್ಲಿ ನಿಂತಾಗ 96 ಬಂತು, ಮುಂದಿನ ಆಸನಕ್ಕೆ ಕುಳಿತೊಡನೆ 80ಕ್ಕೆ ಇಳಿಯಿತು. ಪಶ್ಚಿಮೋತ್ತಾನಾಸನದಲ್ಲಿ 74. ಒಂದು ಗಂಟೆಯ ತರಗತಿಯಲ್ಲಿ 89ರ ಮೇಲೆ ನಿಂತದ್ದು ಹತ್ತು ನಿಮಿಷವೂ ಇರಲಿಲ್ಲ. ಬೇಗ ಬೇಗ ಹನ್ನೆರಡು ಸೂರ್ಯನಮಸ್ಕಾರ ಮುಗಿಸಿದಾಗ 122. ಲಾಲ್‌ಬಾಗಿನ ಕೆರೆಯ ದಾರಿಯಲ್ಲಿ ಕೈಬೀಸಿ ನಡೆದಾಗ ಅರ್ಧ ಗಂಟೆಯುದ್ದಕ್ಕೂ 110ರ ಸುತ್ತ. ನಾಡಿ ಎಣಿಸಲು ಬಾರದವರಿಗೆ ಇನ್ನೂ ಸುಲಭದ ಗುರುತಿದೆ: ಮಾತನಾಡಲು ಆಗುತ್ತಿರಬೇಕು, ಹಾಡಲು ಆಗಬಾರದು. ನನ್ನ ತರಗತಿಯಲ್ಲಿ ಯಾರು ಬೇಕಾದರೂ ಒಂದು ದೇವರನಾಮ ಪೂರ್ತಿ ಹಾಡಬಹುದಿತ್ತು.

ಹಾಗೆಂದು ಯೋಗವನ್ನು ಕೆಳಗಿಡಲು ನಾನು ಸಿದ್ಧಳಿಲ್ಲ. ನಮ್ಮ ಕಚೇರಿಯ ಓಟಗಾರ್ತಿಯೊಬ್ಬರು ಪ್ರತಿ ವರ್ಷ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಭಾಗವಹಿಸುತ್ತಾರೆ. ಏಳು ಮಹಡಿ ಅವರಿಗೆ ಲೆಕ್ಕಕ್ಕೇ ಇಲ್ಲ. ಆದರೆ ಚಕ್ಕಳಮಕ್ಕಳ ಹಾಕಿ ಐದು ನಿಮಿಷ ಕುಳಿತರೆ ಸೊಂಟ ಹಿಡಿಯುತ್ತಿತ್ತು, ವೃಕ್ಷಾಸನದಲ್ಲಿ ಹತ್ತು ಎಣಿಸುವಷ್ಟರಲ್ಲಿ ಕಾಲು ಕೆಳಗೆ ಬರುತ್ತಿತ್ತು. ಓಟ ತೊಡೆಯ ಹಿಂಭಾಗವನ್ನು ವರ್ಷಗಟ್ಟಲೆ ಒಂದೇ ದಿಕ್ಕಿನಲ್ಲಿ ದುಡಿಸಿಕೊಂಡಿತ್ತು. ಅದನ್ನು ಅವರು ಎಂದೂ ಪೂರ್ತಿ ಬಿಚ್ಚಿರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಮನಸ್ಸು ಮಾತ್ರ ಓಡುತ್ತಲೇ ಇರುತ್ತಿತ್ತು ಎಂದರು. ಟ್ರೆಡ್‌ಮಿಲ್‌ನ ವೇಗ ಹೆಚ್ಚಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಅವರಿಗೆ ನಾನು ಮೊದಲು ಹೇಳಿಕೊಟ್ಟದ್ದು ಆಸನವನ್ನೂ ಅಲ್ಲ. ಬೆರಳನ್ನು ನಾಡಿಯ ಮೇಲಿಟ್ಟುಕೊಳ್ಳಿ, ಐದು ಸೆಕೆಂಡ್ ಎಳೆದು ಐದು ಸೆಕೆಂಡ್ ಬಿಡಿ ಎಂದೆ. ಉಸಿರು ಒಳಗೆ ಹೋಗುವಾಗ ನಾಡಿ ತುಸು ಬೇಗ, ಹೊರಗೆ ಬರುವಾಗ ತುಸು ನಿಧಾನ. ಇದನ್ನು ತಮ್ಮ ಬೆರಳಲ್ಲೇ ಕಂಡ ದಿನ ಅವರ ಕಣ್ಣರಳಿತು. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರದ ಕೆಲಸ ಅದು. ನಿಮಿಷಕ್ಕೆ ಆರು ಉಸಿರಿನ ಈ ಲಯದಲ್ಲಿ ರಕ್ತದೊತ್ತಡದ ಏರಿಳಿತವನ್ನು ಸರಿದೂಗಿಸುವ ದೇಹದ ವ್ಯವಸ್ಥೆ ಇನ್ನಷ್ಟು ಚುರುಕಾಗುತ್ತದೆ. ನಡಿಗೆ ಹೃದಯದ ಬಲ ಹೆಚ್ಚಿಸಿದರೆ, ಇದು ಆ ಹೃದಯಕ್ಕೆ ಯಾವಾಗ ನಿಧಾನಿಸಬೇಕೆಂಬ ಅಭ್ಯಾಸ ಮಾಡಿಸುತ್ತದೆ. ಜೊತೆಗೆ ಕೀಲಿನ ಚಲನೆ, ಒಂಟಿಕಾಲಿನ ಸಮತೋಲ, ತನ್ನ ಬೆನ್ನು ಈಗ ಹೇಗಿದೆ ಎಂಬ ಅರಿವು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮ ಅಮ್ಮಂದಿರ ಸೊಂಟದ ಮೂಳೆ ಮುರಿಯುವುದು ಬಹುಮಟ್ಟಿಗೆ ಬಿದ್ದಾಗಲೇ ಎಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಇನ್ನೊಂದು ಮಾತು. ಯೋಗ ಎಂದರೆ ಯಾವ ಯೋಗ ಎಂದೂ ಕೇಳಬೇಕು. 1930ರ ದಶಕದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸಿದ್ದು ಬೆವರು ಹರಿಸುವ ಅಭ್ಯಾಸವಾಗಿತ್ತು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನೊಂದಿಗೆ ಹಾರುತ್ತಲೇ ಇರಬೇಕು. ಇನ್ನೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಪಟ್ಟಿ, ಮರದ ತುಂಡುಗಳ ಆಸರೆ ಕೊಟ್ಟು ಒಂದೇ ಆಸನದಲ್ಲಿ ನಿಮಿಷಗಟ್ಟಲೆ ನಿಲ್ಲಿಸಿದರು. ಒಬ್ಬರೇ ಗುರುವಿನ ಇಬ್ಬರು ಶಿಷ್ಯರ ತರಗತಿಗಳಲ್ಲಿ ನಾಡಿ ಒಂದೇ ರೀತಿ ಬಡಿಯುವುದಿಲ್ಲ.

ಕಳೆದ ಜೂನ್ 21ರ ಯೋಗ ದಿನಕ್ಕೆ ಕಂಪನಿಯವರು ಬ್ಯಾನರ್ ಬರೆಸಿದ್ದರು: "ಯೋಗವಿದ್ದರೆ ಸಾಕು, ಜಿಮ್ ಏಕೆ ಬೇಕು?" ಪ್ರಾಸ ಚೆನ್ನಾಗಿತ್ತು. ಎರಡು ವರ್ಷದ ಹಿಂದೆ ಆಗಿದ್ದರೆ ನಾನೇ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಈ ಸಲ ಮಾನವ ಸಂಪನ್ಮೂಲ ವಿಭಾಗದ ವ್ಯವಸ್ಥಾಪಕರ ಬಳಿ ಹೋಗಿ, ಇದನ್ನು ತೂಗುಹಾಕಿದರೆ ನಾನು ವೇದಿಕೆ ಹತ್ತುವುದಿಲ್ಲ ಎಂದೆ. ನನ್ನ ಗುತ್ತಿಗೆ ನವೀಕರಣ ಅವರ ಕೈಯಲ್ಲೇ ಇತ್ತು, ಮಾತು ಮುಗಿಸುವಾಗ ಅಂಗೈ ಬೆವೆತಿತ್ತು. "ನಿಮ್ಮ ತರಗತಿಗೆ ನೀವೇ ಜನ ಕಡಿಮೆ ಮಾಡಿಕೊಳ್ಳುತ್ತಿದ್ದೀರಲ್ಲ ಮೇಡಂ" ಎಂದರು ಅವರು. ಕೆರೆಯ ಸುತ್ತ ನಡೆಯುತ್ತಿದ್ದವರ ಕತೆಯನ್ನು, ಹೆಸರು ಹೇಳದೆ, ಪೂರ್ತಿ ಹೇಳಿದೆ. ಬ್ಯಾನರ್ ಇಳಿಯಿತು. ಗುತ್ತಿಗೆ ಮುಂದುವರಿಯಿತು. ವಾರಕ್ಕೆ ಐದು ದಿನವಿದ್ದ ತರಗತಿ ನಾಲ್ಕಾಯಿತು, ಆ ಐದನೆಯ ದಿನದ ಸಂಭಾವನೆಯೂ ಹೋಯಿತು. ನನಗೆ ಅದರ ಬೇಸರವಿದೆ, ಹೇಳಿದ್ದರ ಬಗ್ಗೆ ಇಲ್ಲ.

ಸೇರುವವರಿಗೆ ಕೊಡುವ ಅರ್ಜಿಯಲ್ಲಿ ಮೊದಲು ರಕ್ತದೊತ್ತಡ, ಕಣ್ಣಿನ ಗ್ಲಾಕೋಮ, ಬೆನ್ನಿನ ತೊಂದರೆ ಕೇಳುತ್ತಿದ್ದೆ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಬಹಳ ಏರುವುದರಿಂದ ಗ್ಲಾಕೋಮದ ಪ್ರಶ್ನೆ ಬೇಕೇ ಬೇಕು. ಈಗ ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದ್ದೇನೆ: "ಈ ತರಗತಿಗೆ ಬರಲು ಏನನ್ನು ಬಿಡುತ್ತಿದ್ದೀರಿ?" ನಿದ್ದೆ ಎಂದು ಬರೆಯುವವರೇ ಹೆಚ್ಚು, ಅವರೊಡನೆ ಬೇರೆಯದೇ ಮಾತು ಆಡಬೇಕಾಗುತ್ತದೆ. ತರಗತಿಯನ್ನೂ ಎರಡಾಗಿ ಒಡೆದೆ. ಮಂಗಳವಾರ, ಶುಕ್ರವಾರ ಏಳು ಮಹಡಿಯನ್ನು ಕಾಲ್ನಡಿಗೆಯಲ್ಲೇ ಹತ್ತುತ್ತೇವೆ, ಬಳಿಕ ಇಪ್ಪತ್ತು ನಿಮಿಷ ನಿಲ್ಲದೆ ಸೂರ್ಯನಮಸ್ಕಾರ. ಉಳಿದೆರಡು ದಿನ ನಿಧಾನದ ಆಸನ, ದೀರ್ಘ ಉಸಿರು.

ಹಿರಿಯರು ಈಗ ವಾರಕ್ಕೆ ಎರಡು ದಿನ, ನಿಧಾನದ ತರಗತಿಗೆ ಮಾತ್ರ ಬರುತ್ತಾರೆ. ಉಳಿದ ಬೆಳಗುಗಳು ಮತ್ತೆ ಪುಟ್ಟೇನಹಳ್ಳಿ ಕೆರೆಗೆ. ಮಧ್ಯಾಹ್ನ ಊಟವಾದೊಡನೆ ಕಚೇರಿಯ ಆವರಣದಲ್ಲಿ ಹದಿನೈದು ನಿಮಿಷ ನಡೆಯುತ್ತಾರೆ. ನಡೆಯುವ ಸ್ನಾಯು ಇನ್ಸುಲಿನ್‌ನ ದಾರಿ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ ಎಂದು ವೈದ್ಯರು ಅವರಿಗೆ ವಿವರಿಸಿದ್ದಾರೆ. ಮುಂದಿನ ತಪಾಸಣೆ ಮಾರ್ಚ್‌ನಲ್ಲಿ. ವರದಿಯನ್ನು ಮೊದಲು ನನಗೇ ತೋರಿಸುತ್ತೇನೆ ಎಂದಿದ್ದಾರೆ.

ಕಳೆದ ವಾರ ಹೊಸಬಳೊಬ್ಬಳು ಅರ್ಜಿ ತುಂಬಿ ಕೊಟ್ಟಳು. ಮೇಲಿನ ಸಾಲಿನಲ್ಲಿ "ಬೆಳಗಿನ ಬ್ಯಾಡ್ಮಿಂಟನ್" ಎಂದಿತ್ತು.

"ಆಟ ಬಿಡಬೇಡಮ್ಮ. ಬುಧವಾರ ಒಂದು ದಿನ ಇಲ್ಲಿಗೆ ಬಾ, ಸಾಕು" ಎಂದೆ.