ಬಾಕಿ ಹಣ ಕಳಿಸುವ ಮೊದಲು ಕಾಗದ ನೋಡಿ

ನಾನು ಬೆಂಗಳೂರಿನ ಒಂದು ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹೊರದೇಶದಿಂದ ಬಂದ ಮಾಲಿಗೆ ಬಿಲ್ ಆಫ್ ಎಂಟ್ರಿ (ಮಾಲಿನ ವಿವರ, ಬೆಲೆ, ಡ್ಯೂಟಿಯನ್ನು ಕಸ್ಟಮ್ಸ್‌ಗೆ ತಿಳಿಸುವ ಕಾಗದ) ಹಾಕುವುದು, ಡ್ಯೂಟಿ ಲೆಕ್ಕ ಮಾಡುವುದು, ಅಧಿಕಾರಿಗಳ ಕ್ವೆರಿಗೆ ಉತ್ತರ ಬರೆಯುವುದು, ಕೊನೆಗೆ ಮಾಲು ಬಿಡಿಸಿ ಲಾರಿಗೆ ಹತ್ತಿಸುವುದು ನಮ್ಮ ಕೆಲಸ. ದೊಡ್ಡ ಕಂಪನಿಗಳಿಗೆ ಇದೆಲ್ಲ ನೋಡಿಕೊಳ್ಳಲು ಬೇರೆ ಜನ ಇರುತ್ತಾರೆ. ನಾನು ಬರೆಯುತ್ತಿರುವುದು ಮೊದಲ ಸಲ ಒಂದು ಯಂತ್ರವನ್ನೋ ನಾಲ್ಕು ಪೆಟ್ಟಿಗೆ ಬಿಡಿಭಾಗವನ್ನೋ ತರಿಸುವ ಸಣ್ಣ ಉದ್ಯಮದವರಿಗಾಗಿ.

ಇವರಲ್ಲಿ ಹೆಚ್ಚಿನವರು ನಮಗೆ ಫೋನ್ ಮಾಡುವುದೇ ಹಡಗು ಹೊರಟ ಮೇಲೆ. "ಮೇಡಂ, ಮಾಲು ಚೆನ್ನೈಗೆ ಬರ್ತಾ ಇದೆ, ಕ್ಲಿಯರ್ ಮಾಡಿಕೊಡಿ" ಅಂತಾರೆ. ಕಾಗದ ಕಳಿಸಿ ಅಂದರೆ ಮೊಬೈಲಿನಲ್ಲಿ ತೆಗೆದ ಮಸುಕು ಫೋಟೊ ಬರುತ್ತದೆ. ಅದರಲ್ಲಿ ತಪ್ಪು ಕಾಣುತ್ತದೆ. ಸರಿ ಮಾಡಿಸಿ ಅಂದರೆ, ಸಪ್ಲೈಯರ್ ಉತ್ತರವೇ ಕೊಡುತ್ತಿಲ್ಲ, ಪೂರ್ತಿ ದುಡ್ಡು ಹೋಗಿಯಾಗಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಚೀನಾದ ಸಣ್ಣ ಫ್ಯಾಕ್ಟರಿಗಳ ಜೊತೆ ಸಾಮಾನ್ಯವಾಗಿ ನಡೆಯುವ ಒಪ್ಪಂದ ಹೀಗೆ: ಆರ್ಡರ್ ಕೊಡುವಾಗ ಶೇ. 30 ಮುಂಗಡ, ಮಾಲು ರೆಡಿಯಾದ ಮೇಲೆ ಉಳಿದ ಶೇ. 70. ಈ ಬಾಕಿ ಹಣ ನಿಮ್ಮ ಕೈಯಲ್ಲಿ ಇರುವಷ್ಟು ದಿನ ಮಾತ್ರ ನಿಮ್ಮ ಮಾತು ನಡೆಯುತ್ತದೆ. ಅದು ಹೋದ ಮರುದಿನದಿಂದ ನೀವು ಕೇಳಿಕೊಳ್ಳಬೇಕು, ಅವರು ಮನಸ್ಸು ಬಂದರೆ ಮಾಡಬೇಕು. ಹಾಗಾಗಿ ನಮ್ಮ ಹತ್ತಿರ ಬರುವ ಎಲ್ಲರಿಗೂ ನಾನು ಹೇಳುವುದು ಒಂದೇ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಎಲ್ (ಬಿಲ್ ಆಫ್ ಲೇಡಿಂಗ್, ಹಡಗಿನವರು ಕೊಡುವ ಸಾಗಾಟದ ರಸೀದಿ) ಮೂರರ ಡ್ರಾಫ್ಟ್ ತರಿಸಿ. ನಿಮ್ಮ ಸಿಎಚ್‌ಎಗೆ, ಅಂದರೆ ನಮ್ಮಂಥ ಕಸ್ಟಮ್ಸ್ ಬ್ರೋಕರ್‌ಗೆ ತೋರಿಸಿ. ಅವರು ಸರಿ ಅಂದ ಮೇಲೆ ಬಾಕಿ ಕಳಿಸಿ. ಎರಡು ದಿನ ತಡವಾಗಬಹುದು, ಆಗಲಿ. ಆ ಎರಡು ದಿನಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲ. ಬಂದರಿನಲ್ಲಿ ಕೂತ ಮಾಲಿಗೆ ದಿನದ ಲೆಕ್ಕದಲ್ಲಿ ಬಾಡಿಗೆ ಬೀಳುತ್ತದೆ.

ಕಾಗದಕ್ಕೆ ಯಾಕಿಷ್ಟು ಬೆಲೆ ಅಂದರೆ, ನಿಮ್ಮ ಡ್ಯೂಟಿಯನ್ನು ತೀರ್ಮಾನಿಸುವ ಅಧಿಕಾರಿ ನಿಮ್ಮ ಮಾಲನ್ನು ನೋಡುವುದೇ ಇಲ್ಲ. ಫೇಸ್‌ಲೆಸ್ ಅಸೆಸ್‌ಮೆಂಟ್ ಅಂತ ಕರೆಯುತ್ತಾರೆ. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಯಲ್ಲೇ ಮೊದಲು ಶುರುವಾಯಿತು, ಅದೂ ಯಂತ್ರ ಮತ್ತು ಎಲೆಕ್ಟ್ರಿಕಲ್ ಸಾಮಾನಿಗೆ. ಅದೇ ವರ್ಷ ಅಕ್ಟೋಬರ್ ಕೊನೆಗೆ ಇಡೀ ದೇಶಕ್ಕೆ ಬಂತು. ಮಾಲು ಚೆನ್ನೈಯಲ್ಲಿ ಇಳಿದರೂ ಬಿಲ್ ಆಫ್ ಎಂಟ್ರಿ ಇನ್ಯಾವುದೋ ಊರಿನ ಅಧಿಕಾರಿಯ ಸ್ಕ್ರೀನಿಗೆ ಹೋಗುತ್ತದೆ. ಅವರ ಮುಂದೆ ಇರುವುದು ನಾವು ತುಂಬಿದ ವಿವರ ಮತ್ತು ಅಪ್‌ಲೋಡ್ ಮಾಡಿದ ಕಾಗದ, ಅಷ್ಟೇ. ಹೋಗಿ ಕೌಂಟರಿನಲ್ಲಿ ನಿಂತು "ಸಾರ್, ಇದು ಹೀಗೆ" ಅಂತ ಬಿಡಿಸಿ ಹೇಳುವ ಕಾಲ ಮುಗಿಯಿತು.

ಎಲ್ಲ ಬಿಲ್‌ಗಳೂ ಅಧಿಕಾರಿಯ ಹತ್ತಿರ ಹೋಗುವುದಿಲ್ಲ ಅನ್ನುವುದೂ ನಿಜ. ಆರ್‌ಎಂಎಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಯಾವುದನ್ನು ಸೀದಾ ಬಿಡಬೇಕು, ಯಾವುದನ್ನು ನೋಡಬೇಕು, ಯಾವುದರ ಪೆಟ್ಟಿಗೆ ತೆಗೆಸಬೇಕು ಅಂತ ಆರಿಸುತ್ತದೆ. ಆದರೆ ಹೊಸ ಇಂಪೋರ್ಟರ್ ತನ್ನದು ಸೀದಾ ಹೋಗುತ್ತದೆ ಅಂತ ನಂಬಿ ಕೂರಬಾರದು.

ಹಾಗಾಗಿ ಇನ್‌ವಾಯ್ಸ್‌ನಲ್ಲಿ ಮಾಲಿನ ವಿವರ ಬರೆಯುವ ಆ ಒಂದು ಸಾಲು ಬಹಳ ಮುಖ್ಯ. ಸಪ್ಲೈಯರ್‌ಗಳು ಸುಮ್ನೆ 'ಆಟೊಮ್ಯಾಟಿಕ್ ಮೆಷಿನ್' ಅಂತಲೋ 'ಮೆಷಿನ್ ಪಾರ್ಟ್ಸ್' ಅಂತಲೋ ಬರೆದು ಕಳಿಸುತ್ತಾರೆ. ಯಾವ ಕೆಲಸದ ಯಂತ್ರ? ಮಾಡೆಲ್ ಯಾವುದು? ನಿಮಿಷಕ್ಕೆ ಎಷ್ಟು ಪ್ಯಾಕೆಟ್? ಹೊಸದೋ ಹಳೆಯದೋ? ಕಾಗದದಲ್ಲಿ ಇದಿಲ್ಲದಿದ್ದರೆ ಕ್ವೆರಿ ಬಂದೇ ಬರುತ್ತದೆ. ಹಳೆಯದಾದರೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಕೇಳುತ್ತಾರೆ, ಆದ್ದರಿಂದ ಹೊಸ ಯಂತ್ರಕ್ಕೆ 'ಹೊಸದು' ಅಂತ ಬರೆಸಿಯೇ ಬಿಡಿ. ಯಂತ್ರದ ಕ್ಯಾಟಲಾಗ್ ಕೂಡ ಮೊದಲೇ ತರಿಸಿಡಿ.

ಎಚ್‌ಎಸ್ ಕೋಡ್ (ಮಾಲು ಯಾವ ಬಗೆಯದು ಅಂತ ಗುರುತಿಸುವ ಅಂಕಿ, ಡ್ಯೂಟಿ ದರ ಇದರ ಮೇಲೆ ನಿಂತಿದೆ) ವಿಷಯದಲ್ಲೂ ಸಪ್ಲೈಯರ್ ಹೇಳಿದ್ದನ್ನೇ ವೇದವಾಕ್ಯ ಅಂತ ಹಿಡಿಯಬೇಡಿ. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ನಮ್ಮಲ್ಲಿ ಎಂಟು ಅಂಕಿ ಬೇಕು. ಅವರು ಕೋಡ್ ಹಾಕುವುದು ಅವರ ದೇಶದ ಎಕ್ಸ್‌ಪೋರ್ಟ್‌ಗಾಗಿ. ಇಲ್ಲಿ ಕೋಡ್ ತಪ್ಪಾದರೆ ಹೊಣೆ ನಿಮ್ಮದು. 2011ರಿಂದ ಡ್ಯೂಟಿಯನ್ನು ಸ್ವತಃ ಲೆಕ್ಕ ಹಾಕಿ ಹೇಳುವ ಜವಾಬ್ದಾರಿ ಇಂಪೋರ್ಟರ್ ಮೇಲೆಯೇ ಇದೆ.

ಒಂದು ಉದಾಹರಣೆ ವಿವರವಾಗಿ ಹೇಳುತ್ತೇನೆ. ದಾವಣಗೆರೆ ಕಡೆಯ ಒಬ್ಬರು ಮಸಾಲೆ ಪುಡಿ ಮಾಡುತ್ತಾರೆ. ಚೀನಾದಿಂದ ಸ್ಯಾಶೆ ತುಂಬುವ ಪ್ಯಾಕಿಂಗ್ ಯಂತ್ರ ತರಿಸಿದರು. ಕಾಗದ ಚೆನ್ನಾಗಿಯೇ ಇತ್ತು. ಪೆಟ್ಟಿಗೆ ತೆಗೆಸಿ ನೋಡುವ ಆದೇಶ ಬಂತು. ದೊಡ್ಡ ಮರದ ಪೆಟ್ಟಿಗೆಯಲ್ಲಿ ಯಂತ್ರ, ಪಕ್ಕದ ರಟ್ಟಿನ ಡಬ್ಬದಲ್ಲಿ ಬೆಲ್ಟು, ಹೀಟರ್, ಬ್ಲೇಡು. ಅದರ ಕೆಳಗೆ ಬಬಲ್ ಶೀಟಿನಲ್ಲಿ ಸುತ್ತಿದ ಪವರ್ ಬ್ಯಾಂಕ್‌ಗಳು, ಮೇಲೆ ಫ್ಯಾಕ್ಟರಿಯ ಹೆಸರು ಅಚ್ಚು ಹಾಕಿದ್ದು. ಇವರು ಕೇಳಿರಲಿಲ್ಲ. ಹೊಸ ಗಿರಾಕಿ ಅಂತ ಸಪ್ಲೈಯರ್ ಕಡೆಯವರು ಪ್ರೀತಿಯಿಂದ ಇಟ್ಟಿದ್ದರು. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಒಂದಕ್ಷರವೂ ಇಲ್ಲ.

"ಏನ್ ಮೇಡಂ ಇದು, ಪುಕ್ಕಟೆ ಕೊಟ್ಟಿದ್ದಕ್ಕೂ ಕಾನೂನಾ?" ಅಂತ ಅವರು ಕೇಳಿದರು. ಹೌದು, ಅದಕ್ಕೂ ಇದೆ. ದುಡ್ಡು ಕೊಡದಿದ್ದರೂ ವಸ್ತುವಿಗೆ ಬೆಲೆ ಇದ್ದೇ ಇರುತ್ತದೆ. ಅದನ್ನು ಇನ್‌ವಾಯ್ಸ್‌ನಲ್ಲಿ ಬೆಲೆ ಸಮೇತ ತೋರಿಸಬೇಕು. ಸಾಲದ್ದಕ್ಕೆ ಪವರ್ ಬ್ಯಾಂಕ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ, ಅದಿಲ್ಲದೆ ದೇಶದೊಳಗೆ ಬಿಡುವ ಹಾಗಿಲ್ಲ. ಕಾಗದದಲ್ಲಿ ತೋರಿಸದ ಮಾಲು ಸಿಕ್ಕರೆ 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಮುಟ್ಟುಗೋಲು, 112ರ ಪ್ರಕಾರ ದಂಡ. ಅಧಿಕಾರಿ ತಮ್ಮ ಕೆಲಸ ಮಾಡಿದರು, ಅವರನ್ನು ದೂರುವುದಕ್ಕೆ ಏನೂ ಇಲ್ಲ. ಇವರು ವಿವರಣೆ ಬರೆದುಕೊಟ್ಟರು, ಪವರ್ ಬ್ಯಾಂಕ್ ಬಿಟ್ಟುಕೊಟ್ಟರು, ದಂಡ ಕಟ್ಟಿದರು. ಆಮೇಲೆ ಯಂತ್ರ ಹೊರಗೆ ಬಂತು. ಅಷ್ಟರಲ್ಲಿ ಗೋದಾಮಿನ ಬಾಡಿಗೆ ಏರಿತ್ತು. ಹೊಸ ಮೆಣಸಿನಕಾಯಿ ಬರುವ ಕಾಲಕ್ಕೆ ಸರಿಯಾಗಿ ಪ್ಯಾಕಿಂಗ್ ಶುರು ಮಾಡಬೇಕು ಅಂತಿದ್ದ ಅವರ ಯೋಜನೆಯೂ ಹಿಂದಕ್ಕೆ ಹೋಯಿತು. ಆ ಮನುಷ್ಯನ ಮುಖ ನೋಡುವುದಕ್ಕೆ ಕಷ್ಟ ಆಯಿತು. ಒಂದು ಕಾಸಿನ ಮೋಸ ಮಾಡದವರು ಅವರು.

ಈಗ ಆರ್ಡರ್ ಕೊಡುವ ಕಾಗದದಲ್ಲೇ ಒಂದು ಸಾಲು ಸೇರಿಸಿಸುತ್ತೇವೆ: ನಾವು ಕೇಳಿದ್ದನ್ನು ಬಿಟ್ಟು ಸ್ಯಾಂಪಲ್, ಗಿಫ್ಟ್, ಫ್ರೀ ಸ್ಪೇರ್ ಏನನ್ನೂ ಇಡಕೂಡದು, ಇಡುವುದಾದರೆ ಮೊದಲು ಹೇಳಿ, ಬೆಲೆ ಹಾಕಿ. ಪ್ರತಿ ಡಬ್ಬವನ್ನೂ ಮುಚ್ಚುವ ಮೊದಲು ಒಳಗಿನ ಫೋಟೊ ಕಳಿಸಬೇಕು ಅಂತಲೂ ಬರೆಸುತ್ತೇವೆ. ಫೋಟೊ ಬಂದ ಮೇಲೆಯೇ ಬಾಕಿ ಹಣ. ಇದೇ ಸಮಯದಲ್ಲಿ ಇನ್ನೊಂದು ಪ್ರಶ್ನೆ ಕೇಳಿ. ಯಂತ್ರದ ಪ್ಯಾನೆಲ್‌ನಲ್ಲಿ ವೈಫೈ ಅಥವಾ ಬ್ಲೂಟೂತ್ ಇದೆಯಾ? ಇದ್ದರೆ ಡಬ್ಲ್ಯುಪಿಸಿ (ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ) ಅನುಮತಿಯ ವಿಷಯ ಬರುತ್ತದೆ. ನಿಮಗೆ ವೈಫೈ ಬೇಡವೇ ಬೇಡ ಅಂದರೆ ಅದಿಲ್ಲದ ಪ್ಯಾನೆಲ್ ಹಾಕಿಕೊಡಿ ಅಂತ ಕೇಳಬಹುದಲ್ವಾ?

ಫೋಟೊದಲ್ಲಿ ಮರದ ಪೆಟ್ಟಿಗೆಯನ್ನೂ ನೋಡಿ. ಹಲಗೆಯ ಮೇಲೆ ಸುಟ್ಟು ಹಾಕಿದ ಅಥವಾ ಬಣ್ಣದಲ್ಲಿ ಒತ್ತಿದ ಒಂದು ಮುದ್ರೆ ಇರಬೇಕು. ಎಡಕ್ಕೆ ಗೋಧಿ ತೆನೆಯ ಚಿತ್ರ ಮತ್ತು ಐಪಿಪಿಸಿ ಅನ್ನುವ ಅಕ್ಷರ, ಪಕ್ಕದಲ್ಲಿ ದೇಶದ ಎರಡಕ್ಷರ, ಒಂದು ನಂಬರ್, ಜೊತೆಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಅಂದರೆ ಮರವನ್ನು ಕಾಯಿಸಿ ಹುಳ ಸಾಯಿಸಿದ್ದಾರೆ, ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟಿದ್ದಾರೆ. ಹಸಿ ಮರದ, ಅಂದರೆ ಪ್ಲೈವುಡ್ ಅಲ್ಲದ ಮಾಮೂಲಿ ಹಲಗೆಯ ಪೆಟ್ಟಿಗೆಯಲ್ಲಿ ಮಾಲು ಬಂದು ಈ ಮುದ್ರೆ ಇಲ್ಲದಿದ್ದರೆ ಪ್ಲಾಂಟ್ ಕ್ವಾರಂಟೈನ್‌ನವರು ತಡೆಯುತ್ತಾರೆ. ಪ್ಲೈವುಡ್ ಪೆಟ್ಟಿಗೆಯಾದರೆ ಈ ತಲೆನೋವಿಲ್ಲ. ಆದರೆ ಪ್ಲೈವುಡ್ ಪೆಟ್ಟಿಗೆಯ ಅಡಿಗೆ ಹಸಿ ಮರದ ತುಂಡು ಹೊಡೆದಿರುತ್ತಾರೆ, ಅಡಿಯ ಫೋಟೊವನ್ನೂ ಕೇಳಿ.

ಇನ್ನು ಬೆಲೆ. ಸಪ್ಲೈಯರ್ ತಾನಾಗಿಯೇ ಕೇಳುತ್ತಾನೆ, ಇನ್‌ವಾಯ್ಸ್‌ನಲ್ಲಿ ಎಷ್ಟು ಹಾಕಲಿ ಅಂತ. ಇದಕ್ಕೆ ಒಂದೇ ಉತ್ತರ, ಕೊಟ್ಟಷ್ಟು ಹಾಕು. ಕಡಿಮೆ ತೋರಿಸಿದರೆ ಡ್ಯೂಟಿ ಉಳಿಯುತ್ತದೆ ಅಂತ ಕೆಲವರಿಗೆ ಆಸೆ. ಅಂಥ ಬಿಲ್ ನಾವು ಹಾಕುವುದಿಲ್ಲ. ಅದೇ ಮಾಲನ್ನು ಬೇರೆಯವರು ಎಷ್ಟಕ್ಕೆ ತರಿಸಿದ್ದಾರೆ ಅನ್ನುವುದು ಕಸ್ಟಮ್ಸ್ ಕಂಪ್ಯೂಟರಿನಲ್ಲಿ ಇರುತ್ತದೆ. ಅದಕ್ಕಿಂತ ದೊಡ್ಡದು ಬ್ಯಾಂಕ್. 2016ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ವ್ಯವಸ್ಥೆಯಲ್ಲಿ ಹೊರಗೆ ಹೋದ ಹಣವನ್ನೂ ಒಳಗೆ ಬಂದ ಮಾಲಿನ ಬಿಲ್ ಆಫ್ ಎಂಟ್ರಿಯನ್ನೂ ಹೊಂದಿಸಿ ನೋಡುತ್ತಾರೆ. ಕಳಿಸಿದ್ದಕ್ಕಿಂತ ಕಡಿಮೆ ಬೆಲೆಯ ಬಿಲ್ ತೋರಿಸಿದರೆ ಉಳಿದ ಹಣದ ಮಾಲು ಎಲ್ಲಿ ಅಂತ ಬ್ಯಾಂಕಿನವರೇ ಕೇಳಬಹುದು. ಲೆಕ್ಕ ಮುಗಿಯದೆ ಮುಂದಿನ ಹಣ ಕಳಿಸುವುದೂ ಕಷ್ಟವಾಗುತ್ತದೆ.

ಅಷ್ಟಕ್ಕೂ ಉಳಿಯುವುದು ಎಷ್ಟು? ಸಾಗಾಟ, ವಿಮೆ ಸೇರಿ 10 ಲಕ್ಷದ ಯಂತ್ರ, ಮೂಲ ಸುಂಕ ಶೇ. 7.5 ಅಂತ ಇಟ್ಟುಕೊಳ್ಳೋಣ. ಅದು 75,000. ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, 7,500. ಎಲ್ಲ ಸೇರಿದ 10,82,500ರ ಮೇಲೆ ಶೇ. 18 ಐಜಿಎಸ್‌ಟಿ, 1,94,850. ಒಟ್ಟು 2,77,350 ಕಟ್ಟಬೇಕು. ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ಜಿಎಸ್‌ಟಿ ಕಟ್ಟುವ ಉದ್ಯಮಕ್ಕೆ ಆ ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಬಿಲ್ ಆಫ್ ಎಂಟ್ರಿಯಲ್ಲಿ ಜಿಎಸ್‌ಟಿ ನಂಬರ್ ಸರಿ ಇರಬೇಕು ಅಷ್ಟೇ. ಕೈಬಿಟ್ಟು ಹೋಗುವುದು 82,500 ಮಾತ್ರ. ಅದರಲ್ಲಿ ಒಂದು ಪಾಲು ಉಳಿಸಲು ಹೋಗಿ ಇಡೀ ಯಂತ್ರವನ್ನು ಒತ್ತೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ದುಡ್ಡು ನಿಜವಾಗಿ ಸೋರುವುದು ಬೇರೆ ಕಡೆ. ಪೂರ್ತಿ ಕಂಟೇನರ್ ತುಂಬದ ಸಣ್ಣ ಮಾಲು ಎಲ್‌ಸಿಎಲ್ ಆಗಿ ಬರುತ್ತದೆ, ಬೇರೆಯವರ ಮಾಲಿನ ಜೊತೆ. ಸಪ್ಲೈಯರ್ ಸಿಐಎಫ್ ದರ, ಅಂದರೆ ಸಾಗಾಟ, ವಿಮೆ ಸೇರಿದ ದರ ಕೊಡುತ್ತಾನೆ, ಸಾಗಾಟ ಬಹಳ ಅಗ್ಗ ಅನ್ನಿಸುತ್ತದೆ. ಆ ಅಗ್ಗದ ಪಾಲನ್ನು ಇಲ್ಲಿಯ ಏಜೆಂಟ್ ನಿಮ್ಮಿಂದಲೇ ವಸೂಲಿ ಮಾಡುತ್ತಾನೆ, ಡೆಲಿವರಿ ಆರ್ಡರ್ (ಮಾಲು ಬಿಟ್ಟುಕೊಡಿ ಅನ್ನುವ ಚೀಟಿ) ಕೊಡುವ ಹೊತ್ತಿಗೆ. ಆ ಚಾರ್ಜು, ಈ ಚಾರ್ಜು ಅಂತ ಪಟ್ಟಿ ಬರುತ್ತದೆ. ಕಟ್ಟದೆ ಮಾಲು ಸಿಗುವುದಿಲ್ಲ. ಆದ್ದರಿಂದ ಸಣ್ಣ ಮಾಲಿಗೆ ಎಫ್‌ಒಬಿ ದರದಲ್ಲಿ, ಅಂದರೆ ಅಲ್ಲಿ ಹಡಗಿಗೆ ಹತ್ತಿಸುವವರೆಗಿನ ದರದಲ್ಲಿ ಕೊಳ್ಳಿ, ಸಾಗಾಟದವರನ್ನು ನೀವೇ ಇಲ್ಲಿಂದ ಗೊತ್ತು ಮಾಡಿ, ಇಲ್ಲಿ ಇಳಿದ ಮೇಲಿನ ಎಲ್ಲ ಚಾರ್ಜನ್ನೂ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ. ಅವರಿಂದ ಫ್ರೈಟ್ ಸರ್ಟಿಫಿಕೇಟ್ ತಪ್ಪದೆ ಪಡೆಯಿರಿ. ಸಾಗಾಟದ ಖರ್ಚಿಗೆ ಆಧಾರ ಇಲ್ಲದಿದ್ದರೆ ಎಫ್‌ಒಬಿ ಬೆಲೆಯ ಶೇ. 20 ಅಂತ ಹಿಡಿದು ಡ್ಯೂಟಿ ಲೆಕ್ಕ ಮಾಡುತ್ತಾರೆ. ವಿಮೆಗೆ ಆಧಾರ ಇಲ್ಲದಿದ್ದರೆ ಶೇ. 1.125.

ಬಿಎಲ್ ಡ್ರಾಫ್ಟ್‌ನಲ್ಲಿ ನಿಮ್ಮ ಹೆಸರು, ವಿಳಾಸ ಐಇಸಿಯಲ್ಲಿ (ಇಂಪೋರ್ಟ್-ಎಕ್ಸ್‌ಪೋರ್ಟ್ ಮಾಡುವವರ ನೋಂದಣಿ) ಇರುವ ಹಾಗೆ ಅಕ್ಷರಕ್ಕೆ ಅಕ್ಷರ ಇದೆಯಾ ನೋಡಿ. ಪೆಟ್ಟಿಗೆಗಳ ಸಂಖ್ಯೆ, ತೂಕ ಪ್ಯಾಕಿಂಗ್ ಲಿಸ್ಟ್‌ಗೆ ಹೊಂದಬೇಕು. ಹಡಗಿನವರು ಐಜಿಎಂ (ಹಡಗಿನಲ್ಲಿ ಬರುವ ಮಾಲಿನ ಪಟ್ಟಿ) ಕಸ್ಟಮ್ಸ್‌ಗೆ ಹಾಕಿದ ಮೇಲೆ ತಿದ್ದಿಸುವುದಕ್ಕೆ ಅರ್ಜಿ, ಫೀಸು, ಓಡಾಟ ಎಲ್ಲ ಬೇಕು. ದಕ್ಷಿಣ ಚೀನಾದಿಂದ ಚೆನ್ನೈಗೆ ಹಡಗು ಎರಡು ವಾರದ ಆಸುಪಾಸಿನಲ್ಲಿ ಬಂದುಬಿಡುತ್ತದೆ. ಒರಿಜಿನಲ್ ಬಿಎಲ್ ಕೊರಿಯರ್‌ನಲ್ಲಿ ಕಾಯುತ್ತಾ ಕೂತರೆ ಮಾಲು ಮೊದಲು, ಕಾಗದ ಆಮೇಲೆ. ಬಾಕಿ ಕಟ್ಟಿದ ಕೂಡಲೇ ಟೆಲೆಕ್ಸ್ ರಿಲೀಸ್ ಕೊಡಿ, ಅಂದರೆ ಒರಿಜಿನಲ್ ಬಿಎಲ್ ಇಲ್ಲದೆಯೇ ಮಾಲು ಬಿಡಲು ಸಂದೇಶ ಕಳಿಸಿ ಅಂತ ಕೇಳಿ.

ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನವೇ ಹಾಕಿರಬೇಕು ಅನ್ನುವುದು 2021ರಿಂದ ಇರುವ ನಿಯಮ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಡ್ಯೂಟಿಯ ದುಡ್ಡು ಹೊಂದಿಸಿಡಿ, ಅದು ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕ್ವೆರಿ ಬಂದರೆ ಅದೇ ದಿನ ಉತ್ತರ ಕೊಡಿ. ನಮ್ಮ ಪಾರ್ಟಿಗಳಲ್ಲಿ ಕೆಲವರು ಕ್ಯಾಟಲಾಗ್‌ಗಾಗಿ ಸಪ್ಲೈಯರ್‌ಗೆ ಮೆಸೇಜ್ ಹಾಕಿ ವಾರ ಕಾಯುತ್ತಾರೆ, ಅದನ್ನು ಮೊದಲೇ ತರಿಸಿಟ್ಟವರ ಮಾಲು ಅಷ್ಟರಲ್ಲಿ ಊರು ಸೇರಿರುತ್ತದೆ.

ಔಟ್ ಆಫ್ ಚಾರ್ಜ್ (ಮಾಲು ಹೊರಗೆ ಬಿಡಲು ಕಸ್ಟಮ್ಸ್ ಕೊಡುವ ಆದೇಶ) ಆಗಿ ಲಾರಿ ಹೊರಟ ಮೇಲೂ ಫೈಲ್ ಎಸೆಯಬೇಡಿ. ಬಿಲ್ ಆಫ್ ಎಂಟ್ರಿ, ಇನ್‌ವಾಯ್ಸ್, ಹಣ ಕಳಿಸಿದ ಬ್ಯಾಂಕ್ ಕಾಗದ, ಸಪ್ಲೈಯರ್ ಜೊತೆಗಿನ ಮೇಲ್‌ಗಳು ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು. ಮಾಲು ಬಿಟ್ಟ ಮೇಲೂ ಕಸ್ಟಮ್ಸ್ ಆಡಿಟ್‌ಗೆ ಕೇಳಬಹುದು. ಬಿಲ್ ಆಫ್ ಎಂಟ್ರಿಯ ಒಂದು ಪ್ರತಿಯನ್ನು ಹಣ ಕಳಿಸಿದ ಬ್ಯಾಂಕಿಗೆ ಕೊಟ್ಟು, ಐಡಿಪಿಎಂಎಸ್‌ನಲ್ಲಿ ಲೆಕ್ಕ ಮುಗಿದಿದೆಯಾ ಅಂತ ಅದೇ ತಿಂಗಳು ಕೇಳಿ ನೋಡಿ.